ಹವಾ ಅಷ್ಟೇ ಅಲ್ಲ, ತಮ್ಮಾ

ಸಸಾಲಟ್ಟಿ ಕಡೆಯಿಂದ ತೇರದಾಳಕ್ಕೆ ಬರುತ್ತಿದ್ದೆ. ಕಬ್ಬಿನ ಹಂಗಾಮು. ಮುಂದೆ ಎರಡು ಟ್ರೇಲರ್ ಎಳೆದುಕೊಂಡು ಹೊರಟಿದ್ದ ಟ್ರ್ಯಾಕ್ಟರು ಒಮ್ಮೆಲೇ ನಿಧಾನಿಸಿತು. ಬ್ರೇಕ್ ತುಳಿದೆ. ಪೆಡಲ್ ಕಾಲಿಗೆ ಎದುರು ಕೊಡದೆ ಕೆಳಗಿನ ತಗಡಿನ ತನಕ ಹೋಯಿತು. ಕಾಲೆತ್ತಿ ಮತ್ತೊಮ್ಮೆ ತುಳಿದಾಗ ಹಿಡಿಯಿತು. ಟ್ರೇಲರಿನಿಂದ ಹೊರಚಾಚಿದ್ದ ಕಬ್ಬಿನ ತುದಿಗಳಿಗೂ ನಮ್ಮ ಬಾನೆಟ್ಟಿಗೂ ಒಂದು ಗೇಣು ಉಳಿದಿತ್ತು. ಪಕ್ಕದಲ್ಲಿ ಮಗಳು ಕೂತಿದ್ದಳು.

ಹಿಂದಿನ ಗಾಲಿಗಳ ಡ್ರಮ್ ತೆಗೆದು ಡಿಸ್ಕ್ ಹಾಕಿಸಿ ಆಗ ಒಂಬತ್ತು ದಿನ. ಪೆಡಲ್ ಮೆತ್ತಗಿದೆ ಎಂಬುದು ಮೊದಲ ದಿನದಿಂದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಜೀಪನ್ನು ರಸ್ತೆಗೆ ಇಳಿಸಿದ್ದು, ಮಗುವನ್ನು ಕೂರಿಸಿಕೊಂಡಿದ್ದು ನನ್ನ ತಪ್ಪು. ಆ ಸಂಜೆ ಮನೆ ಮುಟ್ಟಿದ ಮೇಲೆ ಬ್ರೇಕ್ ಸರಿಯಾಗುವ ತನಕ ಗಾಡಿ ಅಂಗಳ ದಾಟಲಿಲ್ಲ.

ಜೀಪು ಅಪ್ಪನದು, ಹಳೆಯ ಮಹೀಂದ್ರಾ. ಮುಂದಿನ ಗಾಲಿಗಳಿಗೆ ಕೆಲವು ವರ್ಷಗಳ ಹಿಂದೆಯೇ ಡಿಸ್ಕ್ ಹಾಕಿಸಿದ್ದೆ. ಹಿಂದೆ ಡ್ರಮ್ಮೇ ಇತ್ತು. ಡ್ರಮ್ ಬ್ರೇಕನ್ನು ನಾನು ಹಳಿಯುವುದಿಲ್ಲ, ಆದರೆ ಹೊಳೆಸಾಲಿನಲ್ಲಿ ಅದಕ್ಕೊಂದು ಕಷ್ಟವಿದೆ. ಒಳಗೆ ಹೊಕ್ಕ ನೀರು ಮತ್ತು ಎರೆಮಣ್ಣು ಸುಲಭಕ್ಕೆ ಹೊರಬರುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ತಮದಡ್ಡಿ ಕಡೆಗೆ ಸಾಮಾನು ಸಾಗಿಸಲು ನಾಲ್ಕೈದು ಸಲ ನೀರಿನಲ್ಲಿ ಓಡಾಡಿದ್ದೆವು. ಪ್ರತಿ ಸಲ ನೀರು ದಾಟಿದ ಮೇಲೆ ಹಿಂದಿನ ಬ್ರೇಕು ಇದ್ದೂ ಇಲ್ಲದಂತೆ. ಆಮೇಲೆ ಡ್ರಮ್ ಬಿಚ್ಚಿದರೆ ಒಳಗೆ ಕೆಸರು ಒಣಗಿ ಇಟ್ಟಿಗೆಯಂತೆ ಕೂತಿತ್ತು. ಡಿಸ್ಕಾದರೆ ತೆರೆದ ತಟ್ಟೆ, ತಿರುಗುತ್ತ ನೀರು ಕೊಡವಿಕೊಳ್ಳುತ್ತದೆ. ಅಂದಿನಿಂದ ಮನಸ್ಸಿನಲ್ಲಿದ್ದ ಕೆಲಸವಿದು. ವಾಹನವನ್ನು ಬದಲಾಯಿಸುವ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, ಆದ್ದರಿಂದ ಇಂಥದ್ದಕ್ಕೆ ಕೈಹಚ್ಚುವವರು ಮೊದಲು ಜಮಖಂಡಿಯ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಪ್ಯಾಡುಗಳಿಂದ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗಳನ್ನು ಕೊಲ್ಲಾಪುರದ ಗುಜರಿಯಿಂದ ತಂದು ಹೊಸ ರಬ್ಬರ್ ಕಿಟ್ ಹಾಕಿಸಿದೆ. ಒಂದು ಕಾರಿನ ಹಿಂದಿನ ಗಾಲಿಯವು, ಹ್ಯಾಂಡ್ ಬ್ರೇಕು ಅದರೊಳಗೇ ಇರುವ ಜಾತಿ. ಡಿಸ್ಕನ್ನು ಲೇತಿನಲ್ಲಿ ಹದ ಮಾಡಿಸಿ, ಬ್ರಾಕೆಟ್ ಬೆಸೆಸಿ ಕೂರಿಸಿದ್ದಾಯಿತು. ಪೆಡಲ್ ಮೆತ್ತಗಾದಾಗ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ‘ಹವಾ ಕುಂತೈತಿ, ತಗೀರಿ.’ ನಾನೂ ನಂಬಿದೆ. ದಿನ ಬಿಟ್ಟು ದಿನ ಹವಾ ತೆಗೆದೆ, ನಾಲ್ಕು ಡಬ್ಬಿ ಬ್ರೇಕ್ ಆಯಿಲ್ ಖರ್ಚಾಯಿತು. ಹವಾ ತೆಗೆಯುವ ನಿಪ್ಪಲಿನಿಂದ ಒಂದೂ ಗುಳ್ಳೆಯಿಲ್ಲದ ತಿಳಿ ಆಯಿಲ್ ಬರುತ್ತಿತ್ತು. ಪೆಡಲ್ ಮಾತ್ರ ಹಾಗೇ.

ಟ್ರ್ಯಾಕ್ಟರಿನ ಹಿಂದೆ ಬೆವರಿದ ಮರುದಿನ, ಅಪ್ಪನ ಕಾಲದಿಂದ ಈ ಜೀಪು ಬಲ್ಲ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆತಂದೆ. ಅವರಿಗೆ ನಾನು ಕಾಕಾ ಅನ್ನುತ್ತೇನೆ. ಅವರು ಪಾನಾ ಕೈಗೆತ್ತಿಕೊಳ್ಳಲೇ ಇಲ್ಲ. ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಪೆಡಲ್ ತುಳಿಯತೊಡಗಿದರು. ಒಮ್ಮೆ ನಿಧಾನ, ಆಮೇಲೆ ಮೂರು ಸಲ ಬೇಗಬೇಗ, ಆಮೇಲೆ ಒತ್ತಿ ಹಿಡಿದು ಒಂದು ನಿಮಿಷ ಸುಮ್ಮನೆ.

‘ಹವಾ ಅಷ್ಟ ಅಲ್ಲ, ತಮ್ಮಾ,’ ಅಂದರು. ‘ಇದರಾಗ ಒಂದಕ್ಕಿಂತ ಹೆಚ್ಚಿಗಿ ಬ್ಯಾನಿ ಅದಾವ. ನೀ ಎಲ್ಲಾದಕ್ಕೂ ಒಂದ ಔಷಧ ಕೊಡಾಕತ್ತೀದಿ.’

ಮೆತ್ತಗೆ ಅನ್ನುವುದರಲ್ಲಿ ಮೂರು ಬಗೆ ಇವೆ ಎಂದು ಅವತ್ತು ನನ್ನ ಕಾಲಿನಿಂದಲೇ ತುಳಿಸಿ ಕಲಿಸಿದರು. ರಬ್ಬರ್ ಚೆಂಡನ್ನು ಮೆಟ್ಟಿದಂತೆ ಪುಟಿದರೆ ಹವಾ. ಮೊದಲ ತುಳಿತಕ್ಕೆ ಖಾಲಿ ಹೋಗಿ, ಎರಡನೆಯ ಮೂರನೆಯದಕ್ಕೆ ಮೇಲೆ ಬಂದು ಗಟ್ಟಿಯಾದರೆ ಪ್ಯಾಡಿಗೂ ಡಿಸ್ಕಿಗೂ ನಡುವೆ ಸಂದು ಜಾಸ್ತಿ. ಒತ್ತಿ ಹಿಡಿದಾಗ ಕಾಲಡಿಯಲ್ಲೇ ಮೆಲ್ಲಗೆ ಇಳಿಯುತ್ತ ಹೋದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಬಿಟ್ಟಿದೆ. ನಮ್ಮದು ಇಳಿಯಲಿಲ್ಲ, ಆದ್ದರಿಂದ ಮಾಸ್ಟರ್ ಸಿಲಿಂಡರ್ ಬದಲಿಸುವ ದುಡ್ಡು ಉಳಿಯಿತು. ನಾನಾಗಲೇ ಹೊಸದನ್ನು ತರಲು ಹೇಳಿಬಿಟ್ಟಿದ್ದೆ, ಫೋನು ಮಾಡಿ ಬೇಡವೆಂದೆ.

ಆಮೇಲೆ ದಪ್ಪ ಬಟ್ಟೆ ಸುತ್ತಿದ ಇಕ್ಕಳದಿಂದ ಹಿಂದಿನ ಹೌಸಿಂಗಿಗೆ ಹೋಗುವ ರಬ್ಬರ್ ಪೈಪನ್ನು ಮೆತ್ತಗೆ ಅದುಮಿ ಮುಚ್ಚಿ, ಮತ್ತೆ ತುಳಿ ಅಂದರು. ಪೆಡಲ್ ಕಲ್ಲಿನಂತೆ ನಿಂತಿತು. ಅಂದರೆ ಮುಂದಿನದೆಲ್ಲ ಸರಿ, ತೊಂದರೆ ಇರುವುದು ಆ ಪೈಪಿನಿಂದ ಹಿಂದೆ. ಒಂಬತ್ತು ದಿನ ನಾನು ನಾಲ್ಕೂ ಗಾಲಿಗಳ ನಿಪ್ಪಲ್ ಬಿಚ್ಚುತ್ತ ಅಲೆದಿದ್ದೆ, ಅವರು ಎರಡು ನಿಮಿಷದಲ್ಲಿ ಅರ್ಧ ಗಾಡಿಯನ್ನು ಪಟ್ಟಿಯಿಂದ ತೆಗೆದುಹಾಕಿದರು.

ಮೊದಲು ಹವಾ. ಅದು ನಿಜವಾಗಿಯೂ ಇತ್ತು, ಆದರೆ ನಾನು ತೆಗೆಯುತ್ತಿದ್ದ ದಾರಿಯಲ್ಲಿ ಎಂದಿಗೂ ಬರುವಂತಿರಲಿಲ್ಲ. ಆ ಕಾರಿನಲ್ಲಿ ಕ್ಯಾಲಿಪರ್ ಅಚ್ಚಿನ ಮುಂಭಾಗಕ್ಕೆ ಕೂರುತ್ತಿತ್ತು. ನಮ್ಮ ಜೀಪಿನಲ್ಲಿ ಜಾಗ ಸಾಲದೆ ಅಚ್ಚಿನ ಹಿಂಭಾಗಕ್ಕೆ ಕೂರಿಸಿದ್ದೆವು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಹಾಗೆ ಮಾಡಿದಾಗ ಇಡೀ ಕ್ಯಾಲಿಪರ್ ತಲೆಕೆಳಗಾಗುತ್ತದೆ, ಮೇಲಿರಬೇಕಾದ ನಿಪ್ಪಲ್ ಕೆಳಗೆ ಬರುತ್ತದೆ. ಆಯಿಲ್‌ನಲ್ಲಿರುವ ಹವಾ ಮೇಲಕ್ಕೇರುತ್ತದೆ, ನಾನು ಕೆಳಗಿನ ಬಾಗಿಲು ತೆಗೆದು ಕಾಯುತ್ತಿದ್ದೆ. ತಿಳಿ ಆಯಿಲ್ ಬಂದಷ್ಟೂ ಕೆಲಸ ಮುಗಿಯಿತೆಂದು ತಿಳಿಯುತ್ತಿದ್ದೆ, ಮೇಲಿನ ಗುಳ್ಳೆ ಕೂತಲ್ಲೇ ಕೂತಿತ್ತು.

ಎರಡನ್ನೂ ಅದಲುಬದಲು ಮಾಡಬಹುದಿತ್ತು, ಆದರೆ ಹ್ಯಾಂಡ್ ಬ್ರೇಕ್ ಕೇಬಲಿನ ಬ್ರಾಕೆಟ್ಟುಗಳನ್ನು ಕತ್ತರಿಸಿ ಮತ್ತೆ ಬೆಸೆಯಬೇಕಾಗುತ್ತಿತ್ತು. ಕಾಕಾ ಬೇರೆ ದಾರಿ ಹಿಡಿದರು. ಡಿಸ್ಕಿನಷ್ಟೇ ದಪ್ಪದ ಜಾಲಿ ಕಟ್ಟಿಗೆಯ ತುಂಡೊಂದನ್ನು ಕೆತ್ತಿ, ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ತುಂಡು ಕೊಟ್ಟು, ನಿಪ್ಪಲ್ ಆಕಾಶ ನೋಡುವಂತೆ ಕೈಯಲ್ಲಿ ಎತ್ತಿ ಹಿಡಿದರು. ಕಟ್ಟಿಗೆ ಇಲ್ಲದಿದ್ದರೆ ಪಿಸ್ಟನ್ ಹೊರಬಿದ್ದುಬಿಡುತ್ತದೆ. ನಾನು ಪೆಡಲ್ ಮೇಲೆ. ‘ಒತ್ತು… ಹಿಡಿ… ಬಿಡು.’ ಪೆಡಲಿನ ಕೆಳಗೂ ಒಂದು ತುಂಡು ಇಡಿಸಿದ್ದರು, ಪೂರ್ತಿ ಕೆಳಗೆ ಹೋಗದಂತೆ. ಹಳೆಯ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗಕ್ಕೆ ಪಿಸ್ಟನ್ ದಿನನಿತ್ಯ ಹೋಗುವುದಿಲ್ಲ, ಅಲ್ಲಿ ತುಕ್ಕು, ಕಿಲುಬು ಕಟ್ಟಿರುತ್ತದೆ. ಹವಾ ತೆಗೆಯುವ ಭರದಲ್ಲಿ ತಳಮಟ್ಟ ತುಳಿದರೆ ಒಳ್ಳೆಯ ರಬ್ಬರು ಅಲ್ಲಿ ಸಿಕ್ಕು ಹರಿಯುತ್ತದೆ. ನಾಲ್ಕನೇ ಒತ್ತಿಗೆ ಬಲಗಡೆಯಿಂದ ಕಡಲೆಕಾಳಿನಷ್ಟು ದಪ್ಪ ಗುಳ್ಳೆಗಳು ಸಾಲಾಗಿ ಬಂದವು. ಅವನ್ನು ನೋಡಿದಾಗ ಆದ ಸಮಾಧಾನ ಹೇಳತೀರದು.

ಪುಟಿತ ಹೋಯಿತು, ಆಳ ಹೋಗಲಿಲ್ಲ. ಎರಡನೆಯ ಬೇನೆ ಸಂದು. ಡಿಸ್ಕ್ ಓರೆ ತಿರುಗಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆಯೇ ಎಂದು ಮೊದಲು ನೋಡಿದರು. ಓರೆ ಇರಲಿಲ್ಲ. ಆಮೇಲೆ ಫೀಲರ್ ಗೇಜ್ ತೂರಿಸಿದರೆ ಡಿಸ್ಕಿನ ಎರಡೂ ಬದಿ ಸೇರಿ ಸುಮಾರು 2 ಮಿ.ಮೀ. ಸಂದು, ಎರಡೂ ಗಾಲಿಗಳಲ್ಲಿ.

ಎರಡು ಮಿಲಿಮೀಟರ್ ಎಂದರೆ ಏನು ಮಹಾ ಅನ್ನಿಸಬಹುದು. ಅವತ್ತು ರಾತ್ರಿ ಮಗಳ ನೋಟುಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಕ್ಯಾಲಿಪರಿನ ಪಿಸ್ಟನ್ 38 ಮಿ.ಮೀ. ಅಗಲ. ಅದು 2 ಮಿ.ಮೀ. ಮುಂದೆ ಬರಲು 2.27 ಮಿಲಿಲೀಟರ್ ಆಯಿಲ್ ಬೇಕು, ಎರಡು ಗಾಲಿಗೆ ನಾಲ್ಕೂವರೆ. ಮಾಸ್ಟರ್ ಸಿಲಿಂಡರಿನ ಒಳ ಅಗಲ 22 ಮಿ.ಮೀ. ಅಷ್ಟು ಆಯಿಲ್ ತಳ್ಳಲು ಅದರ ಪಿಸ್ಟನ್ 12 ಮಿ.ಮೀ. ಸರಿಯಬೇಕು. ಪೆಡಲಿನ ಸನ್ನೆ ಒಂದಕ್ಕೆ ಆರು. ಹನ್ನೆರಡನ್ನು ಆರರಿಂದ ಗುಣಿಸಿದರೆ 72. ಪ್ಯಾಡು ಡಿಸ್ಕನ್ನು ಮುಟ್ಟುವುದಕ್ಕೇ ನನ್ನ ಕಾಲು ಏಳು ಸೆಂಟಿಮೀಟರ್ ಇಳಿಯಬೇಕಿತ್ತು, ಹಿಡಿಯುವ ಮಾತು ಆಮೇಲಿನದು. ಅದೇ ಸಂದು 0.2 ಮಿ.ಮೀ. ಇದ್ದರೆ ಏಳು ಮಿಲಿಮೀಟರ್ ಸಾಕು. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿಸು ಎಂದು ಹೇಳಿದವರಿದ್ದರು. ಹಾಕಿಸಿದ್ದರೆ ಪೆಡಲ್ ಮೇಲೆ ಬರುತ್ತಿತ್ತು ನಿಜ, ಆದರೆ ಅದೇ ಬ್ರೇಕಿಗೆ ಕಾಲು ಹೆಚ್ಚು ಬಲ ಕೊಡಬೇಕಾಗುತ್ತಿತ್ತು. ರೋಗ ಸಂದಿನಲ್ಲೇ ಉಳಿಯುತ್ತಿತ್ತು.

ಸಂದು ಯಾಕೆ ಉಳಿಯಿತು? ಈ ಜಾತಿಯ ಕ್ಯಾಲಿಪರಿನೊಳಗೆ ಒಂದು ತಿರುಪು ಇರುತ್ತದೆ. ಪ್ಯಾಡು ಸವೆದಂತೆ ಅದು ಪಿಸ್ಟನ್ನನ್ನು ತಾನೇ ಮುಂದಕ್ಕೆ ತಂದು ನಿಲ್ಲಿಸುತ್ತದೆ. ಹಾಗೆ ಮಾಡಬೇಕಾದರೆ ಕ್ಯಾಲಿಪರ್ ಮೇಲಿರುವ ಹ್ಯಾಂಡ್ ಬ್ರೇಕಿನ ಸನ್ನೆ ಪೂರ್ತಿ ಹಿಂದಕ್ಕೆ ಬಂದು ತನ್ನ ತಡೆಗೆ ಒರಗಿರಬೇಕು. ನಾವು ಮೊದಲೇ ಕೇಬಲ್ ಬಿಗಿದು ಕಟ್ಟಿದ್ದೆವು, ಹ್ಯಾಂಡ್ ಬ್ರೇಕ್ ಚೆನ್ನಾಗಿ ಹಿಡಿಯಲಿ ಎಂದು. ಸನ್ನೆ ಅರ್ಧ ಎಳೆದೇ ನಿಂತಿತ್ತು, ತಿರುಪು ಕೆಲಸಕ್ಕೆ ಇಳಿಯಲೇ ಇಲ್ಲ. ಕಾಕಾ ಕೇಬಲ್ ಪೂರ್ತಿ ಸಡಿಲಿಸಿ, ಸನ್ನೆಯನ್ನು ಕೈಯಿಂದ ಇಪ್ಪತ್ತು ಮೂವತ್ತು ಸಲ ಎಳೆದು ಬಿಟ್ಟರು, ನಡುನಡುವೆ ಪೆಡಲ್ ತುಳಿಸಿದರು. ಪಿಸ್ಟನ್ ಟಿಕ್ ಟಿಕ್ ಎನ್ನುತ್ತ ಮುಂದೆ ಬಂತು. ಕೇಬಲ್ ಕಟ್ಟಿದ್ದು ಎಲ್ಲಕ್ಕೂ ಕೊನೆಗೆ, ಸನ್ನೆ ಅಲುಗದಷ್ಟು ಸಡಿಲ ಬಿಟ್ಟು.

ಸಂಜೆ ಪೆಡಲ್ ಮೇಲೆ, ಗಟ್ಟಿಯಾಗಿ ನಿಂತಿತ್ತು. ಚಹಾ ಕುಡಿದು ಕಾಕಾ ಹೊರಟರು. ಬೆಳಿಗ್ಗೆ ಎದ್ದು ತುಳಿದರೆ ಮೊದಲ ತುಳಿತ ಮತ್ತೆ ಅರ್ಧಕ್ಕೆ ಇಳಿಯಿತು. ಎರಡನೆಯದಕ್ಕೆ ಸರಿ, ಇಡೀ ದಿನ ಸರಿ. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಇದು ಮೂರನೆಯದು. ಇದರ ಬೇರು ನಾನೇ ಹಿಂದೆ ಮಾಡಿದ ಒಂದು ಸರಿಯಾದ ಕೆಲಸದಲ್ಲಿತ್ತು. ಡ್ರಮ್ ಬ್ರೇಕಿನ ಹಿಂದಿನ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ಚಿಕ್ಕ ವಾಲ್ವ್ ಇತ್ತು. ಡ್ರಮ್ಮಿನೊಳಗೆ ಗಟ್ಟಿ ಸ್ಪ್ರಿಂಗುಗಳು ಲೈನರುಗಳನ್ನು ಹಿಂದಕ್ಕೆ ಎಳೆಯುತ್ತವೆ, ಆದ್ದರಿಂದ ಅಷ್ಟು ಒತ್ತಡ ಅಲ್ಲಿ ತೊಂದರೆ ಮಾಡದು. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗಿಲ್ಲ, ಪಿಸ್ಟನ್ ಸುತ್ತಲಿನ ರಬ್ಬರೇ ಕೂದಲೆಳೆಯಷ್ಟು ಹಿಂದಕ್ಕೆ ಜಗ್ಗಬೇಕು. ಮೊದಲ ದಿನವೇ ಹಿಂದಿನ ಗಾಲಿಗಳು ಮುಟ್ಟಲಾಗದಷ್ಟು ಬಿಸಿಯಾಗಿದ್ದವು, ಆ ವಾಲ್ವನ್ನು ತೆಗೆಸಿಬಿಟ್ಟಿದ್ದೆ. ಆದರೆ ನಮ್ಮ ಜೀಪಿನ ಮಾಸ್ಟರ್ ಸಿಲಿಂಡರ್ ಕಾಲಡಿಯ ತಗಡಿನ ಕೆಳಗೆ, ಚಾಸಿಗೆ ಕೂತಿದೆ. ಕ್ಯಾಲಿಪರಿನ ಮಟ್ಟ ಅದಕ್ಕಿಂತ ತುಸು ಮೇಲೆ. ತಡೆಯುವುದೇನೂ ಇಲ್ಲದಾಗ ಆಯಿಲ್ ರಾತ್ರಿಯಿಡೀ ಮೆಲ್ಲಗೆ ಹಿಂದಕ್ಕೆ ಇಳಿದುಬರುತ್ತಿತ್ತು.

ಇಂಥ ಕಡೆ 2 ಪಿಎಸ್‌ಐ ವಾಲ್ವ್ ಹಾಕುತ್ತಾರೆ. ಪ್ಯಾಡು ಉಜ್ಜದಷ್ಟು ಕಡಿಮೆ, ಆಯಿಲ್ ಇಳಿಯದಂತೆ ತಡೆಯುವಷ್ಟು ಸಾಕು. ಮತ್ತೆ ಬಂದ ಕಾಕಾ ಇದನ್ನು ಹೇಳುತ್ತ ನನ್ನನ್ನು ಗಾಡಿಯ ಕೆಳಗೆ ಕರೆದು ಮುಂದಿನ ಲೈನು ತೋರಿಸಿದರು. ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆ ತುಂಡೊಂದು ಅಲ್ಲಿತ್ತು. ಮುಂದಿನ ಡಿಸ್ಕ್ ಹಾಕಿದಾಗಲೇ ಯಾರೋ ತಿಳಿದವರು ಕೂರಿಸಿದ್ದು. ವರ್ಷಗಟ್ಟಲೆ ಅದರ ಮೇಲಿನ ಧೂಳು ಒರೆಸಿದ್ದೇನೆ, ಇದು ಯಾಕಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಗಾಡಿಯ ಯಾವ ಭಾಗ ಬಿಚ್ಚಿದರೂ ಮೊದಲು ಅಲ್ಲಿರುವ ಪ್ರತಿ ತುಂಡಿನ ಕೆಲಸ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

ಹಿಂದಿನ ಲೈನಿಗೂ ಅಂಥದೇ ವಾಲ್ವ್ ಬಂದು ಕೂತ ಮೇಲೆ ಏಳು ಬೆಳಗು ಸತತವಾಗಿ ಮೊದಲ ತುಳಿತಕ್ಕೇ ಪೆಡಲ್ ಗಟ್ಟಿ. ಆಮೇಲಷ್ಟೇ ಹೊಲದ ಕಡೆಯ ಖಾಲಿ ದಾರಿಗೆ ಒಯ್ದು, ನಿಧಾನ ಓಟದಲ್ಲಿ ಜೋರಾಗಿ ತುಳಿದು ನೋಡಿದೆವು. ಮುಂದಿನ ಗಾಲಿಗಿಂತ ಮೊದಲು ಹಿಂದಿನದು ಕಟ್ಟಿಕೊಂಡಿತು. ಮಳೆಯಲ್ಲಿ ಹೀಗಾದರೆ ಗಾಡಿ ಗಿರ್ರನೆ ತಿರುಗುತ್ತದೆ. ಹಿಂದಿನ ಲೈನಿನ ಒತ್ತಡ ತಗ್ಗಿಸುವ ತಿರುಪಿನ ವಾಲ್ವ್ ಹಾಕಿ, ಅರ್ಧರ್ಧ ಸುತ್ತು ತಿರುಗಿಸುತ್ತ, ಮುಂದಿನದು ಮೊದಲು ಹಿಡಿಯುವ ತನಕ ಹೊಂದಿಸಿದೆವು. ಅದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಜಾಲಿ ತುಂಡು ಈಗ ಜೀಪಿನ ಸಾಮಾನು ಪೆಟ್ಟಿಗೆಯಲ್ಲಿದೆ, ಮುಂದಿನ ಸಲ ಆಯಿಲ್ ಬದಲಿಸುವಾಗ ಮತ್ತೆ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ತೆರೆದಿಟ್ಟ ಅರ್ಧ ಡಬ್ಬಿಗಳನ್ನು ಇಟ್ಟುಕೊಳ್ಳಲಿಲ್ಲ. ಮುಂದಿನ ಗಾಲಿಗಳ ಎರಡು ರಬ್ಬರ್ ಪೈಪು ಹಳೆಯವೇ ಇವೆ. ಮಗಳು ಪೆಡಲ್ ತುಳಿದಾಗ ನಾನು ಕೆಳಗೆ ಕೂತು ಬೆರಳಲ್ಲಿ ಹಿಡಿದು ನೋಡಿದೆ, ಎಡಗಡೆಯದು ತುಸು ಉಬ್ಬುತ್ತದೆ. ಮಳೆ ಶುರುವಾಗುವ ಮೊದಲು ಎರಡನ್ನೂ ಬದಲಿಸಬೇಕು.