ಕ್ರೇನಿನ ಕೆಳಗೆ ನಾವು



ಬೆಂಗಳೂರು ಬೆಳೆಯುತ್ತಿದೆ. 1970ರ ದಶಕದಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ 25 ಅಂತಸ್ತಿನ ಯುಟಿಲಿಟಿ ಕಟ್ಟಡ ಎದ್ದಿತು. ಜನ ಕತ್ತೆತ್ತಿ ನೋಡಿದರು. ಈಗ ಅದಕ್ಕಿಂತ ಎತ್ತರದ ಕಟ್ಟಡಗಳಿವೆ. ಇವನ್ನು ಕಟ್ಟುವವರು ಯಾರು? ಕೂಲಿಯವರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರೂ ಇದ್ದಾರೆ. ಬೇರೆ ರಾಜ್ಯದವರೂ ಇದ್ದಾರೆ. ಅವರಲ್ಲಿ ಹೆಂಗಸರೂ ಇದ್ದಾರೆ.

ಇಟ್ಟಿಗೆ ಹೊತ್ತು ನಾವು ಎಷ್ಟು ಅಂತಸ್ತು ಹತ್ತಬಹುದು? ಎರಡು, ಮೂರು. ಇಪ್ಪತ್ತನೇ ಅಂತಸ್ತಿಗೆ ಕಬ್ಬಿಣ ಹೋಗಬೇಕಾದರೆ ಟವರ್ ಕ್ರೇನು ಬೇಕು.

ಹಳೇ ಕಾಲದ ಏತ ನೆನಪಿದೆಯಾ? ಒಂದು ತುದಿಗೆ ನೀರು, ಇನ್ನೊಂದು ತುದಿಗೆ ಕಲ್ಲು. ಕ್ರೇನಿನಲ್ಲೂ ಹಾಗೇ. ಎತ್ತರದ ಕಬ್ಬಿಣದ ಕಂಬ. ಅದರ ಬುಡ ಕಾಂಕ್ರೀಟಿನಲ್ಲಿ ಭದ್ರ. ಮೇಲೆ ಎರಡು ತೋಳು. ಉದ್ದ ತೋಳಿನಿಂದ ಸಾಮಾನು ತೂಗುತ್ತದೆ. ಗಿಡ್ಡ ತೋಳಿನ ಮೇಲೆ ಕಾಂಕ್ರೀಟಿನ ದಪ್ಪ ತುಂಡುಗಳು. ಕ್ರೇನು ಮಗುಚದಂತೆ ಅವು ತಡೆಯುತ್ತವೆ. ಸಾಮಾನನ್ನು ಮೋಟಾರು, ಉಕ್ಕಿನ ಹಗ್ಗ ಎತ್ತುತ್ತವೆ.

ಕಟ್ಟಡ ಬೆಳೆದಂತೆ ಕ್ರೇನೂ ಬೆಳೆಯುತ್ತದೆ. ಜಾಕ್ ಹಾಕಿ ಮೇಲ್ಭಾಗವನ್ನು ಎತ್ತುತ್ತಾರೆ. ನಡುವೆ ಕಂಬದ ಹೊಸ ತುಂಡು ಸೇರಿಸುತ್ತಾರೆ.

ಕ್ರೇನಿಗೂ ಮಿತಿ ಇದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರಬಹುದು. ಕೈ ಚಾಚಿ ಹಿಡಿಯಲು ಆಗುತ್ತದಾ? ಇಲ್ಲ. ಹಾಗೆಯೇ ಭಾರ ಕಂಬದಿಂದ ದೂರ ಹೋದಷ್ಟೂ ಕ್ರೇನು ಹೊರುವ ಶಕ್ತಿ ಕಡಿಮೆ. ಮಿತಿ ಮೀರಿದರೆ ಅಪಾಯ. ಜೋರು ಗಾಳಿ ಬಂದರೆ ಕೆಲಸ ನಿಲ್ಲಿಸಬೇಕು.

ತೂಗುವ ಸಾಮಾನಿನ ಕೆಳಗೆ ನಿಲ್ಲಬೇಡಿ. ಅಲ್ಲಿ ಕೂತು ಊಟ ಮಾಡಬೇಡಿ. ಮಕ್ಕಳನ್ನು ಮಲಗಿಸಬೇಡಿ. ಹೆಲ್ಮೆಟ್ ಕೇಳಿ, ಹಾಕಿಕೊಳ್ಳಿ. 'ಅಪಾಯ' ಎಂಬ ಹಲಗೆ ಕಂಡರೆ ಓದಿ. ಓದು ಬಾರದ ಗೆಳತಿಗೂ ಹೇಳಿ.

ಕಟ್ಟಡ ಕೆಲಸದವರಿಗಾಗಿ 1996ರಲ್ಲಿ ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. ವಯಸ್ಸು 18ರಿಂದ 60ರೊಳಗೆ ಇರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅಂಥವರು ಹೆಸರು ನೋಂದಾಯಿಸಬಹುದು. ಅಪಘಾತ, ಹೆರಿಗೆ, ಮಕ್ಕಳ ಓದು, ಇವಕ್ಕೆ ನಿಯಮದಂತೆ ನೆರವು ಸಿಗುತ್ತದೆ. ಗಂಡನ ಹೆಸರಲ್ಲಿ ಕಾರ್ಡು ಇದೆಯಲ್ಲ ಅಂತ ಸುಮ್ಮನಿರಬೇಡಿ. ದುಡಿಯುವವರು ನೀವೂ ತಾನೇ? ನಿಮ್ಮ ಹೆಸರಲ್ಲೂ ಕಾರ್ಡು ಇರಲಿ.

ಒಂದೇ ಕೆಲಸಕ್ಕೆ ಹೆಂಗಸಿಗೂ ಗಂಡಸಿಗೂ ಒಂದೇ ಕೂಲಿ. 1976ರ ಕಾನೂನೇ ಹಾಗೆ ಹೇಳಿತು. ಈಗಿನ ಕಾನೂನೂ ಅದನ್ನೇ ಹೇಳುತ್ತದೆ.

ಈಗ ನಮಗೆ ಅಕ್ಷರ ಬಂದಿದೆ. ಒಂದು ಪುಸ್ತಕ ಇಡೋಣ. ದಿನಾಂಕ, ಮಾಡಿದ ಕೆಲಸ, ಬಂದ ಕೂಲಿ ಬರೆಯೋಣ. ಮೇಸ್ತ್ರಿಯ ಲೆಕ್ಕದ ಜೊತೆ ನಮ್ಮ ಲೆಕ್ಕವೂ ಇರಲಿ.

ಓದಿ, ಉತ್ತರ ಹೇಳಿ

1. ಕ್ರೇನಿನ ಗಿಡ್ಡ ತೋಳಿನ ಮೇಲೆ ಭಾರ ಯಾಕೆ ಇಡುತ್ತಾರೆ?
2. ನೋಂದಣಿಗೆ ಎಷ್ಟು ದಿನ ಕೆಲಸ ಮಾಡಿರಬೇಕು?
3. ಈ ವಾರದ ನಿಮ್ಮ ಕೂಲಿ ಲೆಕ್ಕ ಬರೆಯಿರಿ.