ನೋವಿಲ್ಲದ ಹುಣ್ಣು

ನೋವನ್ನು ನಾವೆಲ್ಲರೂ ಶತ್ರುವೆಂದೇ ಬಗೆಯುತ್ತೇವೆ. ವಾಸ್ತವವಾಗಿ ನೋವು ದೇಹದ ಕಾವಲುಗಾರ. ಮುಳ್ಳು ಚುಚ್ಚಿದೊಡನೆ ಕಾಲನ್ನು ಹಿಂದೆಗೆಯುವಂತೆ ಮಾಡುವುದು ಅದೇ. ಈ ಕಾವಲು ತಪ್ಪಿದರೆ ಮನುಷ್ಯನ ಬಾಳು ಏನಾಗುವುದೆಂಬುದನ್ನು ಮಧುಮೇಹಿಗಳ ಪಾದದ ಹುಣ್ಣು ತೋರಿಸಿಕೊಡುತ್ತದೆ.

ಆಡುಮಾತಿನಲ್ಲಿ ಸಕ್ಕರೆ ಕಾಯಿಲೆಯೆನಿಸಿದ ಮಧುಮೇಹದಲ್ಲಿ, ರಕ್ತದ ಸಕ್ಕರೆ ಬಹುಕಾಲ ಮಿತಿಮೀರಿದ್ದರೆ ನರಗಳು ಕೆಡುತ್ತವೆ. ಪರಿಣಾಮವು ಸಾಮಾನ್ಯವಾಗಿ ಮೊದಲು ಕಾಣುವುದು ಪಾದಗಳಲ್ಲಿ. ಏಕೆಂದರೆ ದೇಹದ ಅತ್ಯಂತ ಉದ್ದವಾದ ನರಗಳು ಹೋಗುವುದು ಅಲ್ಲಿಗೆ. ಸ್ಪರ್ಶ, ಬಿಸಿ, ನೋವುಗಳ ಅರಿವು ಕುಗ್ಗುತ್ತದೆ. ಬೆವರು ಕಡಮೆಯಾಗಿ ಚರ್ಮ ಒಣಗಿ ಬಿರಿಯುತ್ತದೆ. ರಕ್ತನಾಳಗಳೂ ಕಿರಿದಾದರೆ ಗಾಯ ಮಾಯಲು ಬೇಕಾದ ಆಮ್ಲಜನಕ ದೊರೆಯದು. ನೋವಿಲ್ಲದ ಕಾರಣ ರೋಗಿಯು ಗಾಯದ ಮೇಲೆಯೇ ನಡೆಯುತ್ತಾನೆ; ಪ್ರತಿ ಹೆಜ್ಜೆಯೂ ಅದನ್ನು ಆಳಗೊಳಿಸುತ್ತದೆ.

ಆದುದರಿಂದ ಹುಣ್ಣಿನ ಮೇಲೆ ದೇಹದ ಭಾರ ಬೀಳದಂತೆ ತಡೆಯುವುದು ಚಿಕಿತ್ಸೆಯ ಮುಖ್ಯ ಸೂತ್ರ. ಹೇಳುವುದು ಸುಲಭ, ಪಾಲಿಸುವುದು ಕಷ್ಟ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು ಬಿಸಿನೀರಿನ ತೊಟ್ಟಿಗಳ ಬಳಿ ದುಡಿಯುತ್ತಾರೆ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವವರಿದ್ದಾರೆ. ಕನಕಪುರ, ಮಾಗಡಿಗಳ ಕಡೆ ಹಿಪ್ಪುನೇರಳೆ ತೋಟದಲ್ಲಿ, ರಾಗಿಯ ಹೊಲದಲ್ಲಿ ಬರಿಗಾಲಿನಲ್ಲೇ ಗೆಯ್ಯುವವರುಂಟು. ಇಂಥವರಿಗೆ ಕೆಲವು ವಾರ ಕಾಲೂರಬೇಡಿರೆಂದರೆ ಅಷ್ಟು ವಾರಗಳ ಕೂಲಿ ಹೋಯಿತೆಂದೇ ಅರ್ಥ. ನೋವೇ ಇಲ್ಲವೆಂದ ಮೇಲೆ ವಿಶ್ರಾಂತಿಯೇಕೆಂದು ಮನೆಯವರಿಗೂ ತೋರುತ್ತದೆ. ಸಂಸಾರವನ್ನು ಸಾಕುತ್ತಿದ್ದವರು ಸ್ನಾನಕ್ಕೂ ಪರರನ್ನು ನೆಚ್ಚಬೇಕಾಗುತ್ತದೆ. ಕೀವಿನ ವಾಸನೆಗೆ ನಾಚಿ ಮದುವೆ, ಜಾತ್ರೆಗಳಿಂದ ದೂರ ಉಳಿಯುತ್ತಾರೆ. ಕಾಲನ್ನೇ ಕತ್ತರಿಸಬೇಕಾದೀತೆಂಬ ಭಯ ನಿದ್ದೆಗೆಡಿಸುತ್ತದೆ. ಹುಣ್ಣಿನ ಅಗಲ ಆಳಗಳನ್ನು ಅಳೆದ ಮಾತ್ರಕ್ಕೆ ಈ ಕಷ್ಟದ ಅಳತೆ ಸಿಗದು. ಆದುದರಿಂದಲೇ ಸಂಶೋಧಕರು ನಡಿಗೆ, ನಿದ್ರೆ, ದುಡಿಮೆ, ಮನಸ್ಸಿನ ನೆಮ್ಮದಿಗಳನ್ನು ಕುರಿತು ರೋಗಿಗಳನ್ನೇ ಪ್ರಶ್ನಿಸಿ, ಬಾಳಿನ ಗುಣಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಭಾರವನ್ನು ತಪ್ಪಿಸುವ ಉಪಾಯಗಳಿಗೆ ಕುಷ್ಠರೋಗದ ಅಧ್ಯಯನವು ಬಹಳ ನೆರವಾಯಿತು. ವೆಲ್ಲೂರಿನಲ್ಲಿ ದುಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ (1914–2003) ಅವರು, ಕುಷ್ಠರೋಗಿಗಳ ಪಾದಗಳು ಹಾಳಾಗುವುದು ಬಹುಮಟ್ಟಿಗೆ ಅರಿವಿಲ್ಲದೆ ತಗಲುವ ಒತ್ತಡ ಮತ್ತು ಗಾಯಗಳಿಂದಲೇ ಎಂದು ತೋರಿಸಿದರು. ಮೃದುವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಪಾದರಕ್ಷೆ, ಪಾದಕ್ಕೆ ಒತ್ತಾಗಿ ಕೂಡುವ ಪ್ಲಾಸ್ಟರ್ ಕಟ್ಟು ಇವು ಮಧುಮೇಹಿಗಳಿಗೂ ಉಪಯುಕ್ತವಾದವು. ಈ ಕಟ್ಟಿನಲ್ಲಿ ಭಾರವು ಇಡೀ ಅಂಗಾಲಿಗೂ ಕಣಕಾಲಿಗೂ ಹಂಚಿಹೋಗುವುದರಿಂದ, ರೋಗಿಯು ಅಲ್ಪಸ್ವಲ್ಪ ನಡೆದಾಡಿಯೂ ಹುಣ್ಣು ಮಾಯಬಲ್ಲದು. ಯಾರಿಗೆ ಇದು ತಕ್ಕುದೆಂಬುದನ್ನು ಸೋಂಕು ಮತ್ತು ರಕ್ತಸಂಚಾರವನ್ನು ಪರೀಕ್ಷಿಸಿ ವೈದ್ಯರು ನಿರ್ಧರಿಸಬೇಕು.

ಹುಣ್ಣು ಮಾಯ್ದವರಲ್ಲಿ ಶೇಕಡ 40ರಷ್ಟು ಜನರಿಗೆ ಒಂದು ವರ್ಷದೊಳಗೆ ಅದು ಮರುಕಳಿಸುವುದೆಂದು 2017ರ ವೈದ್ಯಕೀಯ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಆದುದರಿಂದ ಎಚ್ಚರಿಕೆ ಜೀವನಪರ್ಯಂತ ಬೇಕು. ಇಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದುಂಟು. ವಯಸ್ಸಾದವರಿಗೆ ಬಾಗಿ ತಮ್ಮ ಅಂಗಾಲನ್ನು ನೋಡಿಕೊಳ್ಳುವುದು ಕಷ್ಟ. ಮನೆಯಲ್ಲಿ ಮಧುಮೇಹವುಳ್ಳ ಹಿರಿಯರಿದ್ದರೆ ದಿನಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ಅವರ ಅಂಗಾಲನ್ನೂ ಬೆರಳುಗಳ ಸಂದನ್ನೂ ಪರೀಕ್ಷಿಸಿರಿ. ಚಪ್ಪಲಿಯಲ್ಲಿ ಕಲ್ಲು, ಮೊಳೆಗಳಿವೆಯೇ ಎಂದು ನೋಡಿರಿ. ಸ್ನಾನದ ನೀರಿನ ಬಿಸಿಯನ್ನು ನೀವೇ ಮೊದಲು ಮುಟ್ಟಿ ತಿಳಿಯಿರಿ. ಕೆಂಪು, ಬೊಕ್ಕೆ, ಬಿರುಕು ಕಂಡರೆ, ನೋವಿಲ್ಲವೆಂದು ಅವರು ಎಷ್ಟೇ ಹೇಳಿದರೂ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.