ರಕ್ತದ ಕಬ್ಬಿಣ ಕಾಂತ ಚಿಪ್‌ನ ಲೆಕ್ಕ ತಪ್ಪಿಸುತ್ತದೆಯೇ?

ಪ್ರಶ್ನೆ: ರಕ್ತದ ಹನಿಯಲ್ಲಿರುವ ರೋಗಸೂಚಕ ಅಣುಗಳನ್ನು ಕಾಂತೀಯ ಚಿಪ್‌ಗಳು ಪತ್ತೆಹಚ್ಚುತ್ತವೆ ಎಂದು ಓದಿದೆ. ರಕ್ತದಲ್ಲೇ ಕಬ್ಬಿಣವಿದೆಯಲ್ಲ, ಅದು ಅಡ್ಡಬರುವುದಿಲ್ಲವೇ? ನಮ್ಮ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಇಂಥ ಕೆಲಸ ನಡೆದಿದೆಯೇ?
– ಓದುಗರು, ಸಿಡ್ನಿ

ಉತ್ತರ: ಅಡ್ಡಬರುವುದಿಲ್ಲ. ವಯಸ್ಕರ ಮೈಯಲ್ಲಿ 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ. ಹೆಚ್ಚಿನ ಪಾಲು ಹಿಮೋಗ್ಲೋಬಿನ್‌ನಲ್ಲಿ. ಆದರೆ ಮೊಳೆಯ ಕಬ್ಬಿಣವೇ ಬೇರೆ, ಇದೇ ಬೇರೆ. ಮೊಳೆಯಲ್ಲಿ ಅಸಂಖ್ಯ ಪರಮಾಣುಗಳು ಒಟ್ಟಾಗಿ ಒಂದೇ ದಿಕ್ಕಿಗೆ ತಿರುಗಬಲ್ಲವು. ಹಿಮೋಗ್ಲೋಬಿನ್‌ನಲ್ಲಿ ಒಂದೊಂದು ಪರಮಾಣುವೂ ಪ್ರೋಟೀನಿನೊಳಗೆ ಒಂಟಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನನ್ನು ಆಯಸ್ಕಾಂತ ಸೆಳೆಯುವುದೇ ಇಲ್ಲ, ಆಮ್ಲಜನಕ ಕಳೆದುಕೊಂಡದ್ದನ್ನು ತೀರಾ ಕ್ಷೀಣವಾಗಿ ಸೆಳೆಯುತ್ತದೆ ಎಂದು ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ಅಳೆದು ತೋರಿಸಿದರು. ಎಂಆರ್‌ಐ ಯಂತ್ರದ 1.5 ಅಥವಾ 3 ಟೆಸ್ಲಾ ಕ್ಷೇತ್ರದಲ್ಲಿ ಮಲಗಿದವರ ರಕ್ತ ಎಂದಿನಂತೆ ಹರಿಯುವುದೂ ಇದರಿಂದಲೇ.

ಚಿಪ್‌ಗೆ ಬಲ ಬಂದಿರುವುದೂ ಇಲ್ಲಿಂದ. ಬೆಳಕನ್ನು ನೆಚ್ಚಿದ ಪರೀಕ್ಷೆಗಳಿಗೆ ರಕ್ತದ ಬಣ್ಣ, ಕದಡು ತೊಡಕಾಗುತ್ತವೆ. ಕಾಂತಕ್ಷೇತ್ರಕ್ಕೆ ಅವು ಲೆಕ್ಕಕ್ಕಿಲ್ಲ. ಹನಿಯಲ್ಲಿ ಗಟ್ಟಿಯಾದ ಕಾಂತ ಸಂಕೇತ ಸಿಕ್ಕಿತೆಂದರೆ ಅದು ನಾವೇ ಬೆರೆಸಿದ ಕಣದ್ದು.

ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೊನಿನ್ ಪ್ರೋಟೀನನ್ನೇ ತೆಗೆದುಕೊಳ್ಳಿ. ಅದನ್ನು ಹಿಡಿಯುವ ಪ್ರತಿಕಾಯಗಳನ್ನು ಚಿಪ್‌ನ ಮೇಲೆ ಮೊದಲೇ ಕೂರಿಸಿರುತ್ತಾರೆ. ಸಿಕ್ಕಿಬಿದ್ದ ಟ್ರೋಪೊನಿನ್‌ನ ಇನ್ನೊಂದು ಭಾಗಕ್ಕೆ ಎರಡನೆಯ ಪ್ರತಿಕಾಯ ಅಂಟುತ್ತದೆ; ಅದಕ್ಕೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣ ಜೋಡಿಸಿರುತ್ತದೆ. ಹೊರಗಿನಿಂದ ಕ್ಷೇತ್ರ ಕೊಟ್ಟಾಗ ಮಾತ್ರ ಕಣ ಆಯಸ್ಕಾಂತವಾಗುತ್ತದೆ, ತೆಗೆದರೆ ಸುಮ್ಮನಾಗುತ್ತದೆ. ಅದರ ಪುಟ್ಟ ಕ್ಷೇತ್ರ ಕೆಳಗಿನ ಲೋಹದ ತೆಳುಪದರಗಳ ವಿದ್ಯುತ್ ರೋಧವನ್ನು ಬದಲಿಸುತ್ತದೆ. ದೂರ ಎರಡು ಪಟ್ಟಾದರೆ ಕಣದ ಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಅಂಟದೆ ಮೇಲೆ ತೇಲುವ ಕಣಗಳ ಪ್ರಭಾವ ಕಡಿಮೆ.

ಈ ರೋಧ ಬದಲಾವಣೆಯನ್ನು 1988ರಲ್ಲಿ ಕಂಡುಹಿಡಿದ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ 2007ರಲ್ಲಿ ನೊಬೆಲ್ ಪಡೆದರು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಓದಲು ಬಳಕೆಯಾದ ಈ ವಿದ್ಯೆಯಿಂದಲೇ ಜೈವಿಕ ಸಂವೇದಕ ಮಾಡಬಹುದೆಂದು ಅಮೆರಿಕದ ನೌಕಾ ಸಂಶೋಧನಾಲಯದವರು 1998ರಲ್ಲಿ ತೋರಿಸಿದರು.

ನಿಮ್ಮ ಊರಿನವರು ಹಿಡಿದ ದಾರಿ ಬೇರೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಸ್ಟಿನ್ ಗುಡಿಂಗ್ ತಂಡ ಚಿನ್ನದ ಲೇಪವಿರುವ ಕಾಂತೀಯ ನ್ಯಾನೊಕಣಗಳಿಗೆ ಡಿಎನ್‌ಎ ಎಳೆ ಕಟ್ಟಿ ರಕ್ತಕ್ಕೆ ಬಿಟ್ಟಿತು. ಕಣಗಳು ಹನಿಯೆಲ್ಲ ತಿರುಗಿ ಮೈಕ್ರೋಆರ್‌ಎನ್‌ಎ ಎಂಬ ಕಿರು ಅಣುಗಳನ್ನು ಹಿಡಿಯುತ್ತವೆ. ಆಮೇಲೆ ಆಯಸ್ಕಾಂತ ಅವನ್ನೆಲ್ಲ ಎಲೆಕ್ಟ್ರೋಡಿಗೆ ಎಳೆದು ತರುತ್ತದೆ, ವಿದ್ಯುತ್ ಪ್ರವಾಹ ಫಲಿತಾಂಶ ಹೇಳುತ್ತದೆ. ಅಣುಗಳು ತಾವಾಗಿ ಚಿಪ್‌ಗೆ ಬಂದು ತಾಗಲಿ ಎಂದು ಕಾಯುವ ಹೊತ್ತು ಉಳಿಯಿತು. ಇದು 2018ರಲ್ಲಿ ಪ್ರಕಟವಾಯಿತು.

ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಲಾಯ್ಡ್ ಹಾಲೆನ್‌ಬರ್ಗ್, ಡೇವಿಡ್ ಸಿಂಪ್ಸನ್ ಮುಂತಾದವರು ವಜ್ರವನ್ನೇ ಸಂವೇದಕ ಮಾಡಿದ್ದಾರೆ. ವಜ್ರದಲ್ಲಿ ಒಂದು ಕಾರ್ಬನ್ ಜಾಗದಲ್ಲಿ ನೈಟ್ರೋಜನ್ ಕೂತು, ಪಕ್ಕದ ಜಾಗ ಖಾಲಿಯಿದ್ದರೆ ಅಲ್ಲಿಗೆ ಹಸಿರು ಬೆಳಕು ಬಿದ್ದಾಗ ಕೆಂಪು ಹೊಳಪು ಬರುತ್ತದೆ. ಮೈಕ್ರೋವೇವ್ ಹಾಯಿಸಿ ಆ ಹೊಳಪಿನ ಏರಿಳಿತ ನೋಡಿದರೆ ಹತ್ತಿರದ ಕಾಂತಕ್ಷೇತ್ರ ತಿಳಿಯುತ್ತದೆ. ಬಂಡೆ ಕೆರೆದು ಪಾಚಿ ತಿನ್ನುವ ಕೈಟಾನ್ ಎಂಬ ಕಡಲಜೀವಿಯ ಹಲ್ಲಿನಲ್ಲಿ ಕಬ್ಬಿಣದ ಖನಿಜ ಹೇಗೆ ಬೆಳೆಯುತ್ತದೆಂಬುದನ್ನು ಅವರು ಹೀಗೆ ಚಿತ್ರಿಸಿದರು. ಇಲ್ಲಿ ಹೊರಗಿನ ಕಣವೂ ಬೇಕಿಲ್ಲ.

ಒಂದು ಮಾತು ನೆನಪಿಡಿ. ಚಿಪ್ ಎಣಿಸುವುದು ಕಣವನ್ನು, ರೋಗವನ್ನಲ್ಲ. ಪ್ರತಿಕಾಯ ತಪ್ಪು ಅಣುವನ್ನು ಹಿಡಿದರೆ ಎಷ್ಟೇ ಸೂಕ್ಷ್ಮವಾದ ಸಂವೇದಕವೂ ತಪ್ಪು ಉತ್ತರವನ್ನೇ ಕೊಡುತ್ತದೆ. ಆದ್ದರಿಂದ ಇಂಥ ಹೊಸ ಪರೀಕ್ಷೆಯ ಸುದ್ದಿ ಓದಿದಾಗ ಎಷ್ಟು ಕಡಿಮೆ ಅಣುಗಳನ್ನು ಹಿಡಿಯಿತು ಎಂದಷ್ಟೇ ನೋಡಬೇಡಿ. ಎಷ್ಟು ಜನರ ರಕ್ತದಲ್ಲಿ, ಎಷ್ಟು ಸಲ ಸರಿಯಾಗಿ ಹೇಳಿತು ಎಂದೂ ಕೇಳಿ.